ಡಿಯೋರ್ ಬರೆದ ಚಿತ್ರ, ನಿನಗೆ ಹೇಳದ ಮಾತು

ಪ್ರೀತಿಯ ಮಂಜು,

ಫೋನಿನಲ್ಲಿ ಬಾಯಿಗೆ ಬರದ ಮಾತಿದು. ನಾಲ್ಕು ಜನ ಓದುತ್ತಾರೆ ಅಂದರೆ ನನಗೆ ಧೈರ್ಯ ಜಾಸ್ತಿ, ಅದು ನಿನಗೆ ಗೊತ್ತೇ ಇದೆಯಲ್ಲ.

ಫ್ರಾನ್ಸಿನ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಬರೆದ ‘ಬಾರ್’ ಸೂಟಿನ ಚಿತ್ರ ನೋಡುತ್ತಾ ಕೂತಿದ್ದೆ. ಇಳಿಜಾರು ಭುಜ, ಹಿಡಿಯಷ್ಟು ಸೊಂಟ, ಅಲ್ಲಿಂದ ಒಮ್ಮೆಲೇ ಅಗಲವಾಗುವ ಸ್ಕರ್ಟು. ಅದನ್ನು ಬಟ್ಟೆಯಲ್ಲಿ ತರೋದು ಸುಮ್ನೆ ಮಾತಲ್ಲ ಕಣೋ. ಅವರ ಚಿತ್ರಗಳು ಹೊಲಿಗೆಮನೆಗೆ ಹೋದ ಮೇಲೆ ಮೊದಲು ಬಿಳಿ ಹತ್ತಿ ಬಟ್ಟೆಯಲ್ಲಿ ಹೊಲಿದು ನೋಡುತ್ತಿದ್ದರು. ಆಮೇಲೇ ಒಳ್ಳೆಯ ಬಟ್ಟೆಗೆ ಕತ್ತರಿ. ಇದಕ್ಕೆ ದಂತದ ಬಣ್ಣದ ರೇಷ್ಮೆ ಜಾಕೆಟ್ಟು, ಕಪ್ಪು ಉಣ್ಣೆಯ ನೆರಿಗೆ ಸ್ಕರ್ಟು. ಸೊಂಟ ಇನ್ನೂ ಸಣ್ಣ ಕಾಣಲಿ ಅಂತ ಜಾಕೆಟ್ಟಿನ ಕೆಳಭಾಗಕ್ಕೆ ಒಳಗಿಂದ ಪ್ಯಾಡಿಂಗ್ ಕೊಟ್ಟಿದ್ದಾರೆ.

ಪ್ಯಾರಿಸ್ಸಿನಲ್ಲಿ ಇದು ಹೊರಬಂದದ್ದು 1947ರ ಫೆಬ್ರವರಿ 12ರಂದು. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ಬಟ್ಟೆಗೆ ತತ್ವಾರ. ಅದೇ ವರ್ಷ ಲೆಪಿಕ್ ಬೀದಿಯಲ್ಲಿ ಡಿಯೋರ್ ಉಡುಪು ತೊಟ್ಟು ಫೋಟೋಗೆ ನಿಂತವಳ ಮೈಮೇಲಿನ ಬಟ್ಟೆಯನ್ನು ಹೆಂಗಸರು ಹಿಡಿದೆಳೆದು ಹರಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಡಿಯೋರ್ ಅವರ ತಂಗಿ ಕ್ಯಾಥರೀನ್ ಇದ್ದರಲ್ಲ, ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದರು. 1944ರಲ್ಲಿ ಸೆರೆ ಸಿಕ್ಕಿದರು. ರಾವೆನ್ಸ್‌ಬ್ರೂಕ್ ಅನ್ನೋ ನಾಜಿ ಸೆರೆಶಿಬಿರಕ್ಕೆ ಸಾಗಿಸಿದರು. 1945ರ ಮೇ ತಿಂಗಳಲ್ಲಿ ಜೀವ ಉಳಿಸಿಕೊಂಡು ಬಂದವರು ಆಮೇಲೆ ಹೂವಿನ ವ್ಯಾಪಾರಕ್ಕೆ ಇಳಿದರು. ಅಣ್ಣ ಹೆಂಗಸರನ್ನೇ ಹೂವಿನ ಹಾಗೆ ಬರೆದರು.

ಅಷ್ಟೆಲ್ಲ ಕಂಡ ಮನೆಯವರ ಕೈಯಿಂದ ಇಷ್ಟು ಚೆಂದದ ಗೀಟು ಹೇಗೆ ಬಂತು? ಅದೇ ನನ್ನನ್ನು ಕಾಡುತ್ತಿರೋದು. ಅಮ್ಮ ಹೋದ ಮೇಲೆ ನಾನು ಅವಳ ಬೀರು ತೆಗೆದಿಲ್ಲ ಮಂಜು. ಆ ಕನಕಾಂಬರ ಬಣ್ಣದ ಸೀರೆ, ಅಂಚಿನ ಹತ್ತಿರ ಅವಳೇ ರಫು ಮಾಡಿದ್ದು, ಕಣ್ಣಿಗೆ ಬಿದ್ದು ಖುಷಿಯಾಗಿಬಿಟ್ಟರೆ ಏನು ಗತಿ ಅನ್ನೋ ಭಯ. ಅಳು ಬಂದರೆ ಪರವಾಗಿಲ್ಲ. ಖುಷಿಯಾದರೆ ಅವಳನ್ನು ಬಿಟ್ಟುಕೊಟ್ಟ ಹಾಗೆ ಅನ್ನಿಸುತ್ತದೆ. ನಿನ್ನ ಮಗಳ ನಾಮಕರಣದಲ್ಲಿ ಊಟವಾಗುತ್ತಲೇ ಎದ್ದು ಹೋದದ್ದೂ ಅದಕ್ಕೇ. ಅಷ್ಟೊಂದು ಹೂವು, ಅಷ್ಟೊಂದು ರೇಷ್ಮೆ. ತಡೆಯೋಕಾಗಲಿಲ್ಲ.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ, ಸಾಕು ಬಿಡು. ರಜಾ ಸಿಕ್ಕಾಗ ಮಗಳನ್ನು ಕರೆದುಕೊಂಡು ಬಾ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ತಟ್ಟೆ ಇಡ್ಲಿ ನನ್ನ ಲೆಕ್ಕ. ಹಸಿರು ಛತ್ರಿಯ ಸುದ್ದಿ ಮಾತ್ರ ಅವಳ ಮುಂದೆ ಎತ್ತೋ ಹಾಗಿಲ್ಲ, ಆಯ್ತಾ?

ನಿನ್ನ,
ಸೀನ