ರಸ್ತೆ ಇಲ್ಲದ್ದಕ್ಕೂ ಒಂದು ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಕಾಲಿನ ಪಟ್ಟಿ ನಿನ್ನೆ ಬಿಚ್ಚಿದರು. ಇವತ್ತು ಗೋಡೆ ಹಿಡಿಯದೆ ಅಡುಗೆಮನೆವರೆಗೆ ನಡೆದೆ. ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸಿದ ನಿಮಗೆಲ್ಲ ಈಗ ಕೂತು ಬರೆಯುತ್ತಿದ್ದೇನೆ.

ಜೂನ್ ಕೊನೆಗೆ ನಾವು ನಾಲ್ವರು ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮಕ್ಕೆ ಹೋಗಿದ್ದೆವು, ಬ್ರೂಕ್ಸ್ ಪರ್ವತಸಾಲಿನ ಕೊಂಗಕುಟ್ ನದಿ ಕಣಿವೆಗೆ. ಧಾಮ ಸುಮಾರು 78,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲು. ಒಳಗೆ ಓಡಾಡಲು ರಸ್ತೆ ಇಲ್ಲ, ಕಾಲುದಾರಿಯನ್ನೂ ಯಾರೂ ಮಾಡಿಟ್ಟಿಲ್ಲ. ಹತ್ತಿಹುಲ್ಲಿನ ಗುಪ್ಪೆಗಳ ಮೇಲೆ ನಡೆಯುವಾಗ ಒಂದು ಗುಪ್ಪೆ ವಾಲಿತು, ಕಾಲು ಉಳುಕಿತು. ಸಮುದ್ರದ ಕಡೆಯಿಂದ ಬಂದ ಮಂಜು ಮೂರು ದಿನ ಕದಲಲಿಲ್ಲ. ವಿಮಾನ ಬರುವ ಹಾಗಿರಲಿಲ್ಲ. ಒಂದು ಮಣ್ಣು ರಸ್ತೆಯಾದರೂ ಇರಬಾರದಿತ್ತಾ ಅಂತ ಎಷ್ಟು ಸಲ ಅಂದುಕೊಂಡೆನೋ.

ಎರಡನೇ ರಾತ್ರಿ (ಹೆಸರಿಗೆ ರಾತ್ರಿ, ಆಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ) ಡೇರೆಯ ಹೊರಗೆ ಟಿಕ್ ಟಿಕ್ ಸದ್ದು. ಮಳೆ ಹನಿ ಇರಬೇಕು ಅಂದುಕೊಂಡು ಜಿಪ್ ಎಳೆದರೆ ಕ್ಯಾರಿಬೂ, ಅಂದರೆ ಅಲ್ಲಿನ ಹಿಮಸಾರಂಗಗಳು! ನಡೆಯುವಾಗ ಪಾದದ ಮೂಳೆ ಮೇಲೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಎಳೆ) ಜಾರಿ ಹಾಗೆ ಸದ್ದು ಬರುತ್ತದೆ. ನೂರಾರು ಪಾದಗಳು. ತಿಂಗಳೂ ತುಂಬದ ಮರಿಗಳು ತಾಯಿಯ ಪಕ್ಕೆಗೆ ಅಂಟಿಕೊಂಡೇ ಹೋಗುತ್ತಿದ್ದವು. ಒಂದು ಮರಿ ನಿಂತು ನಮ್ಮ ಡೇರೆಯ ಹಗ್ಗ ಮೂಸಿತು. ನಾನು ಅತ್ತುಬಿಟ್ಟೆ. ಮರಿ ಇರುವ ತಾಯಂದಿರು ರಸ್ತೆ ಕಂಡರೆ ದೂರ ಸರಿಯುತ್ತವೆ. ನನ್ನ ಮಾತನ್ನು ಅಲ್ಲೇ ವಾಪಸ್ ತೆಗೆದುಕೊಂಡೆ.

ನನ್ನ ಹೊರೆಯನ್ನೂ ಹಂಚಿಕೊಂಡು ಹೊತ್ತ ಗೆಳೆಯರೇ, ನಿಮ್ಮ ಋಣ ದೊಡ್ಡದು. ಮಂಜು ಸರಿದ ಕೂಡಲೇ ಬಂದು ನದಿದಂಡೆಯ ಜಲ್ಲಿಕಲ್ಲಿನ ಮೇಲೆ ಪುಟ್ಟ ವಿಮಾನ ಇಳಿಸಿದ ಪೈಲಟ್‌ಗೂ ಥ್ಯಾಂಕ್ಸ್. 1956ರ ಬೇಸಿಗೆಯನ್ನು ಶೀಂಜೆಕ್ ನದಿಯ ಬಳಿ ಕಳೆದು, ಈ ಜಾಗ ಹೀಗೇ ಉಳಿಯಲಿ ಅಂತ ಹೋರಾಡಿದ ಮಾರ್ಡಿ, ಓಲಸ್ ಮ್ಯೂರಿ ದಂಪತಿಯನ್ನೂ ನೆನೆಯುತ್ತೇನೆ. 1960ರಲ್ಲಿ ರಕ್ಷಣೆ ಸಿಕ್ಕಿತು, 1980ರಲ್ಲಿ ಧಾಮ ದುಪ್ಪಟ್ಟಾಯಿತು.

ಎಲ್ಲರಿಗಿಂತ ಜಾಸ್ತಿ ಅಲ್ಲಿನ ಮೂಲನಿವಾಸಿಗಳಾದ ಗ್ವಿಚಿನ್ ಜನರಿಗೆ ಕೈಮುಗಿಯಬೇಕು. ಕ್ಯಾರಿಬೂ ಮರಿ ಹಾಕುವ ಕರಾವಳಿ ಬಯಲು ಅವರಿಗೆ ‘ಬದುಕು ಶುರುವಾಗುವ ಪವಿತ್ರ ಜಾಗ’. ಅಲ್ಲಿ ಎಣ್ಣೆ ಬಾವಿ ಬೇಡ ಅಂತ 1988ರಲ್ಲಿ ಊರೂರಿನವರು ಆರ್ಕ್ಟಿಕ್ ವಿಲೇಜ್ ಅನ್ನುವ ತಮ್ಮದೇ ಊರಲ್ಲಿ ಸೇರಿ ಹೇಳಿದರು. 2017ರ ಕಾನೂನು ಆ ಬಯಲನ್ನು ಎಣ್ಣೆಗೆ ತೆರೆದ ಮೇಲೂ ಸುಮ್ಮನಾಗಲಿಲ್ಲ.

ಅಮ್ಮಾ, ಮೂರು ದಿನ ದೇವರ ಮುಂದೆ ದೀಪ ಆರದ ಹಾಗೆ ನೋಡಿಕೊಂಡೆಯಂತೆ, ಅಕ್ಕ ಹೇಳಿದಳು. ಆ ಟಿಕ್ ಟಿಕ್ ಸದ್ದು ಫೋನಲ್ಲಿ ರೆಕಾರ್ಡ್ ಆಗಿದೆ. ದೀಪಾವಳಿಗೆ ಬಂದಾಗ ಕೇಳಿಸುತ್ತೇನೆ.