ಉಳಿ ಹಿಡಿದವನ ಸ್ವಂತ ಮಾತು

ಪ್ರೀತಿಯ ಗೆಳೆಯ,

ಚೀನಾದ ಆ ಹಳೆಯ ವುಡ್‌ಕಟ್ (ಮರದ ಹಲಗೆ ಕೆತ್ತಿ, ಮಸಿ ಹಚ್ಚಿ ಅಚ್ಚೊತ್ತಿದ) ಚಿತ್ರಗಳೆಲ್ಲ ಬರೀ ಘೋಷಣೆ, ಅದರಲ್ಲಿ ಕಲಾವಿದನ ಸ್ವಂತದ್ದು ಏನಿದೆ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ಉತ್ತರ ಹೊಳೆಯಲಿಲ್ಲ. ಈಗ ಬರೀತಿದ್ದೇನೆ.

1931ರ ಫೆಬ್ರವರಿ 7ರಂದು ಶಾಂಘೈನಲ್ಲಿ ರೌ ಶಿ ಎಂಬ ಯುವ ಲೇಖಕನನ್ನು ಸರ್ಕಾರ ಗುಂಡಿಟ್ಟು ಕೊಂದಿತು. ಅವನು ಕತೆಗಾರ ಲು ಶುನ್‌ಗೆ ತೀರಾ ಹತ್ತಿರದವನು. ಹೊರದೇಶದ ವುಡ್‌ಕಟ್‌ಗಳನ್ನು ಅಚ್ಚು ಹಾಕಿಸುವ ಕೆಲಸದಲ್ಲಿ ಇಬ್ಬರೂ ಜೊತೆಗಿದ್ದರು. ಊರಲ್ಲಿದ್ದ ರೌ ಶಿಯ ತಾಯಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಮಗ ಶಾಂಘೈನಲ್ಲಿ ಕೆಲಸ ಮಾಡ್ಕೊಂಡಿದ್ದಾನೆ ಅಂತಲೇ ಆಕೆ ನಂಬಿದ್ದಳು.

ಆ ಸೆಪ್ಟೆಂಬರ್‌ನಲ್ಲಿ ಲು ಶುನ್ ಒಂದು ಪತ್ರಿಕೆಗೆ ಜರ್ಮನಿಯ ಕೆಥೆ ಕೋಲ್ವಿಟ್ಸ್ ಕೆತ್ತಿದ 'ಬಲಿ' ಚಿತ್ರ ಕೊಟ್ಟರು. ತಾಯಿಯೊಬ್ಬಳು ಕಣ್ಣು ಮುಚ್ಚಿಕೊಂಡು ಮಗುವನ್ನು ಎತ್ತಿ ಒಪ್ಪಿಸುತ್ತಿದ್ದಾಳೆ. ಕೋಲ್ವಿಟ್ಸ್ ಕೂಡ 1914ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡವಳು. ಆ ಚಿತ್ರ ರೌ ಶಿಯ ನೆನಪಿಗೆ ಅಂತ ಅಂದು ಎಷ್ಟು ಜನರಿಗೆ ಗೊತ್ತಾಗಿರಬೇಕು! 1933ರಲ್ಲಿ ಲು ಶುನ್ ತಾವೇ ಅದನ್ನು ಬರೆದರು. ಇದು ಘೋಷಣೆಯಾ, ಹೇಳು?

1931ರ ಆಗಸ್ಟ್‌ನಲ್ಲೇ ಲು ಶುನ್ 13 ಹುಡುಗರಿಗೆ ಆರು ದಿನದ ಕೆತ್ತನೆ ಪಾಠ ಏರ್ಪಡಿಸಿದ್ದರು. ಕಲಿಸಿದ್ದು ಜಪಾನಿನ ಉಚಿಯಾಮಾ ಕಾಕಿಚಿ. ಪಕ್ಕದಲ್ಲಿ ನಿಂತು ಚೀನೀ ಭಾಷೆಯಲ್ಲಿ ಹೇಳಿದ್ದು ಲು ಶುನ್. ಹಿಂದೆಲ್ಲ ಚಿತ್ರ ಬರೆಯುವವನೊಬ್ಬ, ಕೆತ್ತುವವನೊಬ್ಬ, ಅಚ್ಚೊತ್ತುವವನು ಇನ್ನೊಬ್ಬ. ಈ ಹುಡುಗರು ಮೂರನ್ನೂ ತಾವೇ ಮಾಡಿದರು. ನೀನು ಕೇಳಿದ 'ಸ್ವಂತ' ಹುಟ್ಟಿದ್ದು ಇಲ್ಲೇ ಅನ್ಸುತ್ತೆ ನನಗೆ.

ಇನ್ನು ಚೀನಾದ ಕಲಾವಿದ ಲಿ ಹುವಾ 1935ರಲ್ಲಿ ಕೆತ್ತಿದ 'ಗರ್ಜಿಸು ಚೀನಾ'. ಹೆಸರು ಘೋಷಣೆಯೇ, ಒಪ್ಪಿದೆ. ಆದರೆ ಚಿತ್ರ ನೋಡು. ಕಂಬಕ್ಕೆ ಕಟ್ಟಿದ ಬರಿಮೈಯ ಒಬ್ಬನೇ ಒಬ್ಬ ಗಂಡಸು. ಕಣ್ಣಿಗೆ ಬಟ್ಟೆ. ಬಾಯಿ ತೆರೆದಿದೆ. ಕೈ ನೆಲದ ಮೇಲಿನ ಕತ್ತಿಗಾಗಿ ತಡಕಾಡುತ್ತಿದೆ. ಹಿಂದೆ ಏನೂ ಇಲ್ಲ, ಖಾಲಿ ಬಿಳಿ. ಜನಜಂಗುಳಿಯಿಲ್ಲ, ಬಾವುಟವಿಲ್ಲ. ಆ ಸೆಟೆದ ಗೆರೆಗಳನ್ನು ಕೆತ್ತುವಾಗ ಲಿ ಹುವಾ ಕೂಡ ಹಲ್ಲು ಕಚ್ಚಿಕೊಂಡಿದ್ದಿರಬೇಕು.

ಹೀಗನ್ನೋಕೆ ಕಾರಣವಿದೆ, ನಗಬೇಡ. ಹೋದ ವಾರ ಸುಮ್ನೆ ಒಂದು ಹಲಗೆ ತಂದು ಅಮ್ಮನ ಮುಖ ಕೆತ್ತಲು ಕೂತೆ. ಉಳಿ ಜಾರಿ ಕೆನ್ನೆಯ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಪೆನ್ಸಿಲ್ ಆಗಿದ್ದರೆ ಅಳಿಸುತ್ತಿದ್ದೆ. ಮಸಿ ಹಚ್ಚಿ, ಚಮಚದ ಬೆನ್ನಿನಿಂದ ಉಜ್ಜಿ ಕಾಗದ ಎತ್ತಿದರೆ ಬಲಗೆನ್ನೆಯ ಮಚ್ಚೆ ಎಡಕ್ಕೆ ಹೋಗಿತ್ತು! ಅಮ್ಮ ನೋಡಿ, "ಇದ್ಯಾರೋ?" ಅಂದಳು.

ಅದರ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಗೀರು ಹಾಗೇ ಇದೆ.

ನಿನ್ನ ಗೆಳೆಯ