ಹತ್ತು ವರ್ಷಕ್ಕೆ ಬಾಕಿ ಉಳಿದ ಥ್ಯಾಂಕ್ಸ್

ಈ ತಿಂಗಳಿಗೆ ನಮ್ಮ ಪುಟ್ಟ ಸಂಸ್ಥೆಗೆ ಹತ್ತು ವರ್ಷ ತುಂಬಿತು. ಎರಡು ಕೋಣೆ, ನಾಲ್ಕು ಜನ, ಒಂದು ಹಳೇ ಪ್ರಿಂಟರ್. ವಾರ್ಡ್ ಮಟ್ಟದ ಚುನಾವಣೆಗೆ ನಿಲ್ಲುವ ಪ್ರಗತಿಪರ ಅಭ್ಯರ್ಥಿಗಳ ಪ್ರಚಾರ ನಡೆಸಿಕೊಡುವುದು ನಮ್ಮ ಕೆಲಸ. ಬಾಡಿಗೆ ಮನೆಯವರ ಪರ ಮಾತಾಡುವವರು, ದುಡಿಯುವವರ ಕೂಲಿ ಹೆಚ್ಚಾಗಬೇಕು ಅನ್ನುವವರು, ಎಲ್ಲ ಮಕ್ಕಳಿಗೂ ಒಳ್ಳೆಯ ಶಾಲೆ ಬೇಕು ಅಂತ ಹಟ ಹಿಡಿದವರು ನಮ್ಮ ಹತ್ತಿರ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಮೊದಲ ಸಲ ನಿಂತವರು. ದುಡ್ಡಂತೂ ಯಾರ ಹತ್ತಿರವೂ ಜಾಸ್ತಿ ಇರುವುದಿಲ್ಲ.

ಎರಡು ವರ್ಷದ ಹಿಂದೆ ಬಾಗಿಲು ಮುಚ್ಚಿಯೇ ಬಿಡುತ್ತೇವೆ ಅಂದುಕೊಂಡಿದ್ದೆವು. ಮುಚ್ಚಲಿಲ್ಲ. ಯಾರಿಂದಾಗಿ ಉಳಿದೆವು ಅನ್ನುವುದನ್ನು ಇವತ್ತಾದರೂ ಬರೆಯಬೇಕು.

ಆ ವರ್ಷ ಮೂರು ಪ್ರಚಾರ ಹಿಡಿದಿದ್ದೆವು. ಮೂರೂ ಸೋತವು. ಈ ಕಸುಬಿನಲ್ಲಿ ಗೆದ್ದ ಅಭ್ಯರ್ಥಿಯ ಬಿಲ್ ಹೇಗೋ ಬರುತ್ತದೆ. ಸೋತವರ ಖಾತೆ ಮತ ಎಣಿಕೆಯ ದಿನವೇ ಬರಿದಾಗಿರುತ್ತದೆ. ಆಮೇಲೆ ದೇಣಿಗೆ ಕೊಡುವವರೂ ಇರುವುದಿಲ್ಲ. ನಮಗೆ ದೊಡ್ಡ ಮೊತ್ತ ಕೊಡಬೇಕಿದ್ದ ಒಂದು ತಂಡ ಫೋನ್ ಎತ್ತುವುದನ್ನೇ ನಿಲ್ಲಿಸಿತು. ಮೂರು ತಿಂಗಳು ನಮ್ಮಲ್ಲಿ ಯಾರಿಗೂ ಸಂಬಳ ಆಗಲಿಲ್ಲ.

ಅದೇ ಹೊತ್ತಿಗೆ ಒಂದು ಕರೆ ಬಂತು. ಕೆಲಸ ಒಪ್ಪಿಕೊಂಡರೆ ಒಂದು ವರ್ಷದ ಖರ್ಚು ಕಳೆಯುತ್ತಿತ್ತು. ಆದರೆ ಅದು ಬಾಡಿಗೆದಾರರಿಗೆ ಇರುವ ರಕ್ಷಣೆಯನ್ನು ತೆಗೆಸುವ ಪ್ರಚಾರ. ನಾಲ್ವರೂ ಮೇಜಿನ ಸುತ್ತ ಕೂತೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೊದಲು "ಬೇಡ" ಅಂದವಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಆ ತಿಂಗಳು ಅವಳ ಮನೆ ಬಾಡಿಗೆಯೇ ಕಟ್ಟಿರಲಿಲ್ಲ. ಮೊದಲ ಥ್ಯಾಂಕ್ಸ್ ಅವಳಿಗೆ. ಅವತ್ತು ಅವಳು ಬಾಯಿ ಬಿಡದೇ ಇದ್ದಿದ್ದರೆ ನಾನು ಏನು ಹೇಳುತ್ತಿದ್ದೆನೋ, ನನಗೇ ಗೊತ್ತಿಲ್ಲ.

ಆ ಸಂಜೆ ಅವಳಿಗೆ ನಮ್ಮ ಕಸುಬಿನ ಹುಟ್ಟಿನ ಕಥೆ ಹೇಳಿದೆ. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ ಎಂಬಿಬ್ಬರು 'ಕ್ಯಾಂಪೇನ್ಸ್ ಇಂಕ್' ಶುರು ಮಾಡಿದರು. ರಾಜಕೀಯ ಸಲಹೆಯನ್ನೇ ಕಸುಬು ಮಾಡಿಕೊಂಡ ಮೊದಲ ಸಂಸ್ಥೆ ಅಂತ ಅದನ್ನೇ ಹೇಳುತ್ತಾರೆ. ಮರು ವರ್ಷ ಬಡತನ ತೊಲಗಿಸುತ್ತೇನೆ ಅಂತ ಅಪ್ಟನ್ ಸಿಂಕ್ಲೇರ್ ಗವರ್ನರ್ ಸ್ಥಾನಕ್ಕೆ ನಿಂತರು. ಅವರನ್ನು ಸೋಲಿಸಲು ಈ ಇಬ್ಬರು ದುಡಿದರು. ಸಿಂಕ್ಲೇರ್ ಬರೆದ ಕಾದಂಬರಿಗಳ ಪಾತ್ರಗಳು ಆಡುವ ಮಾತನ್ನೇ ಎತ್ತಿ, ಇದು ಅವರದೇ ಅಭಿಪ್ರಾಯ ಅನ್ನುವ ಹಾಗೆ ಹಂಚಿದರು. ಸಿಂಕ್ಲೇರ್ ಸೋತರು. 1945ರಲ್ಲಿ ಅಲ್ಲಿನ ಗವರ್ನರ್ ಎಲ್ಲರಿಗೂ ಆರೋಗ್ಯ ವಿಮೆ ತರಲು ಹೊರಟಾಗ ಅದನ್ನು ತಡೆಯುವ ಕೆಲಸವೂ ಇದೇ ಸಂಸ್ಥೆಗೆ ಸಿಕ್ಕಿತು. ಹಣ ಕೊಟ್ಟದ್ದು ವೈದ್ಯರ ಸಂಘ. ಹೀಗೆ ಈ ವಿದ್ಯೆ ಬೆಳೆದದ್ದೇ ಉಳ್ಳವರ ನೆರಳಲ್ಲಿ. ಇಲ್ಲದವರ ಕೈಗೂ ಅದು ಸಿಗಲಿ ಅಂತಲೇ ಅಲ್ವಾ ನಾವು ಈ ಎರಡು ಕೋಣೆ ಹಿಡಿದದ್ದು.

ಇನ್ನು ಆ ಮೇಡಂ ವಿಷಯ. ಆ ವರ್ಷ ಸೋತ ಮೂವರಲ್ಲಿ ಅವರೂ ಒಬ್ಬರು. ಕೆಲವೇ ಮತಗಳ ಅಂತರದಲ್ಲಿ ಸೋತಿದ್ದರು. ಮುಂದಿನ ತಿಂಗಳ ಮೊದಲ ವಾರ ಆಫೀಸಿಗೆ ಬಂದು ಒಂದು ಲಕೋಟೆ ಮೇಜಿನ ಮೇಲಿಟ್ಟರು. ಒಳಗೆ ಸ್ವಲ್ಪ ಹಣ. ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು: ಇವತ್ತು ಕೊಟ್ಟಿದ್ದು ಇಷ್ಟು, ಬಾಕಿ ಇಷ್ಟು. "ಬಿಡಿ ಮೇಡಂ, ನಮಗೆ ಗೊತ್ತಿಲ್ವಾ ನಿಮ್ಮ ಪರಿಸ್ಥಿತಿ" ಅಂದೆ. "ಸೋತಿದ್ದು ನಾನು. ನೀವು ಕೆಲಸ ಮಾಡಿದೀರಲ್ಲ" ಅಂದರು. ಮುಂದಿನ ತಿಂಗಳೂ ಬಂದರು. ಅದರ ಮುಂದಿನ ತಿಂಗಳೂ. ಮಳೆ ಬಂದ ದಿನ ಲಕೋಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಒಟ್ಟು ಇಪ್ಪತ್ತೆರಡು ಲಕೋಟೆ. ಕೊನೆಯದರ ಮೇಲೆ "ಬಾಕಿ: 0" ಅಂತ ಬರೆದು, ಕೆಳಗೆ ಒಂದು ಗೆರೆ ಎಳೆದಿದ್ದರು. ಅದು ಈಗಲೂ ನನ್ನ ಡ್ರಾಯರ್‌ನಲ್ಲಿದೆ. ಮೇಡಂ, ನೀವು ಬರುವ ವಾರಕ್ಕಾಗಿ ನಾವು ಕಾಯುತ್ತಿದ್ದೆವು, ಹಣಕ್ಕಾಗಿ ಮಾತ್ರ ಅಲ್ಲ.

ಪ್ರೆಸ್‌ನ ಅಣ್ಣನಿಗೂ ಹೇಳಬೇಕು. ಒಮ್ಮೆ ಕರಪತ್ರದಲ್ಲಿ ಎರಡು ಬೀದಿಗಳ ಮತಗಟ್ಟೆಯನ್ನು ತಪ್ಪಾಗಿ ಹಾಕಿದ್ದೆವು. ತಪ್ಪು ಪೂರ್ತಿ ನನ್ನದು. ಕಣ್ಣಿಗೆ ಬಿದ್ದಾಗ ರಾತ್ರಿ ಒಂಬತ್ತು, ಬೆಳಗ್ಗೆ ಹಂಚಬೇಕು. ಆ ಅಣ್ಣ ಒಂದು ಮಾತೂ ಆಡದೆ ಮನೆಗೆ ಹೋಗಿದ್ದ ಇಬ್ಬರನ್ನು ವಾಪಸ್ ಕರೆಸಿದರು. ಬೆಳಗಿನ ಜಾವ ನಾಲ್ಕಕ್ಕೆ ಕಟ್ಟುಗಳು ಸಿದ್ಧ. ಎರಡನೇ ಸಲದ ಬಿಲ್ ಇವತ್ತಿನವರೆಗೂ ಬಂದಿಲ್ಲ. ಆ ಇಬ್ಬರಿಗೂ ನನ್ನ ನಮಸ್ಕಾರ.

ಮತ್ತೆ ನಮ್ಮ ಸ್ವಯಂಸೇವಕರು. ಪ್ರತಿ ತರಬೇತಿಯಲ್ಲೂ ನಾವು ಒಂದು ಅಧ್ಯಯನದ ಬಗ್ಗೆ ಹೇಳುತ್ತೇವೆ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಸುಮಾರು 30,000 ಮತದಾರರನ್ನು ಇಟ್ಟುಕೊಂಡು ಮಾಡಿದ್ದು. ಮನೆಗೇ ಹೋಗಿ ಮುಖ ನೋಡಿ ಮಾತಾಡಿಸಿದಾಗ ಮತ ಹಾಕಲು ಬರುವವರು ಎದ್ದು ಕಾಣುವಷ್ಟು ಹೆಚ್ಚಾದರು. ಕೂಲಿ ಕೊಟ್ಟು ಮಾಡಿಸಿದ ಫೋನ್ ಕರೆಗಳಿಂದ ಹಾಗೇನೂ ಆಗಲಿಲ್ಲ. ನಮ್ಮಂಥ ಬಡ ಪ್ರಚಾರಕ್ಕೆ ಇದಕ್ಕಿಂತ ಧೈರ್ಯದ ಸುದ್ದಿ ಬೇರೆ ಇಲ್ಲ. ಯಾಕೆಂದರೆ ನಮ್ಮ ಹತ್ತಿರ ಇರುವುದು ಕಾಲುಗಳು ಮಾತ್ರ.

ಆ ಕಾಲುಗಳಿಗೆ ಎಷ್ಟು ಹೇಳಿದರೂ ಕಡಿಮೆ. ಮನೆ ಮನೆ ಪಟ್ಟಿಯಲ್ಲಿ ನಾವು ಒಂದರಿಂದ ಐದರವರೆಗೆ ಅಂಕ ಹಾಕುತ್ತೇವೆ. ಒಂದು ಅಂದರೆ ಖಚಿತ ಬೆಂಬಲ, ಐದು ಅಂದರೆ ಖಚಿತ ವಿರೋಧ. ಐದು ಬಿದ್ದ ಮನೆಗೆ ಯಾರೂ ಎರಡನೇ ಸಲ ಹೋಗುವುದಿಲ್ಲ. ಆ ಸೋತ ವರ್ಷ ಒಬ್ಬ ಹುಡುಗಿ ಮೂರನೇ ಮಹಡಿಯ ಮನೆಯೊಂದರ ಬಾಗಿಲು ಬಡಿದಳು. ಮನೆಯವರು ಬೈದು ದಡಾರನೆ ಬಾಗಿಲು ಹಾಕಿದರು. ರಾತ್ರಿ ಪಟ್ಟಿ ನೋಡುವಾಗ ಆ ಮನೆಯ ಎದುರು ಐದು ಇತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಮತ್ತೆ ಹೋಗಬೇಕು. ಹಿಂದೆ ನಿಂತು ಮಗಳು ಕೇಳಿಸಿಕೊಳ್ಳುತ್ತಿದ್ದಳು." ಅವಳು ಮತ್ತೆ ಹೋದಳು. ಎರಡು ಸಲ ಹೋದಳು. ಚುನಾವಣೆ ಮುಗಿದ ಮೇಲೂ ಒಂದು ಸಲ ಹೋಗಿ, ಸೋತೆವು ಅಂತ ಹೇಳಿ ಬಂದಳು.

ಈ ವರ್ಷ ನಮ್ಮ ಇಬ್ಬರು ಅಭ್ಯರ್ಥಿಗಳು ಗೆದ್ದರು. ಎಲ್ಲರ ಸಂಬಳ ಆಗಿದೆ, ಕೋಣೆಗಳ ಬಾಡಿಗೆಯೂ ಚುಕ್ತಾ. ಮನೆಯಲ್ಲಿ ನಮ್ಮನ್ನು ಸಹಿಸಿಕೊಂಡವರಿಗೆ ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದೇ ಹೇಳುತ್ತೇವೆ.

ಮುಂದಿನ ಪ್ರಚಾರದ ಮತದಾರರ ಪಟ್ಟಿ ನಿನ್ನೆ ಕೈಗೆ ಬಂತು. ಶನಿವಾರ ಬೆಳಗ್ಗೆ ಎಂಟಕ್ಕೆ ಹೊರಡುತ್ತೇವೆ. ಮೂರನೇ ಮಹಡಿಯ ಆ ಮನೆ ಇದರಲ್ಲೂ ಇದೆ. ಮಗಳಿಗೆ 18 ತುಂಬಿದೆ. ಅವಳ ಹೆಸರೂ ಸೇರಿದೆ.